ಟೈಲ್ಸ್ ಮೇಲೆ ಮರದ ನೆಲ: ನೀವೇ ಹಾಸಿಕೊಳ್ಳುವ ಬಗೆ

ಮರದ ನೆಲವನ್ನು ನಾವೇ ಹಾಸಿಕೊಳ್ಳಬಹುದೇ? ಅದಕ್ಕಾಗಿ ಹಳೆಯ ಟೈಲ್ಸ್ ಕೀಳಿಸಬೇಕೇ? ಮಳೆಗಾಲದಲ್ಲಿ ಉಬ್ಬುವುದಿಲ್ಲವೇ? ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಚುಟುಕಾಗಿ ಹೇಳುವುದಾದರೆ: ಹಾಸಿಕೊಳ್ಳಬಹುದು, ಕೀಳಿಸಬೇಕಾಗಿಲ್ಲ, ಉಬ್ಬುತ್ತದೆ. ಮೂರನೆಯ ಉತ್ತರ ಕೇಳಿ ಗಾಬರಿಯಾಗಬೇಡಿ. ಉಬ್ಬುವುದು ಮರದ ಗುಣ. ಉಬ್ಬಲು ಜಾಗ ಬಿಡದಿರುವುದು ಹಾಸಿದವರ ತಪ್ಪು. ಈ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿನ ಲೆಕ್ಕಾಚಾರ. ಹಲಗೆ ಜೋಡಿಸುವುದು ಉಳಿದ ಕಾಲು ಪಾಲು ಮಾತ್ರ. ಜೋಡಿಸುವುದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಮರದ ನೆಲಗಟ್ಟಿನ ಮೇಲೆ ನಿಂತ ಮನೆಗಳಲ್ಲಿ ತೆಗೆದವು. ನಮ್ಮ ಕಾಂಕ್ರೀಟು ಮನೆಗಳ ತೇವ, ಗೆದ್ದಲು, ದಿನವೂ ಬಕೆಟ್ ಹಿಡಿದು ನೆಲ ಒರೆಸುವ ಪದ್ಧತಿ ಇವು ಯಾವುವೂ ಅವುಗಳಲ್ಲಿ ಬರುವುದಿಲ್ಲ.

ಹಾಗಾಗಿ ಇಲ್ಲಿ ಒಂದೇ ಒಂದು ಉದಾಹರಣೆ ಹಿಡಿದು ಹೋಗುತ್ತೇನೆ. ಬೆಂಗಳೂರು ಅಥವಾ ಮೈಸೂರಿನ ಅಪಾರ್ಟ್‌ಮೆಂಟ್‌ನ ಮೇಲಿನ ಮಹಡಿಯ ಒಂದು ಮಲಗುವ ಕೋಣೆ. ಕೆಳಗೆ ವಿಟ್ರಿಫೈಡ್ ಟೈಲ್ಸ್. ಉದ್ದ 3,600 ಮಿ.ಮೀ., ಅಗಲ 3,090 ಮಿ.ಮೀ.; ಅಂದರೆ ಸುಮಾರು 120 ಚದರ ಅಡಿ. ಇಬ್ಬರಿದ್ದರೆ ಹಾಸುವುದಕ್ಕೆ ಎರಡು ದಿನ ಸಾಕು. ತಯಾರಿಗೆ ಒಂದು ವಾರ ಇಟ್ಟುಕೊಳ್ಳಿ.

ಮೊದಲು ತೀರ್ಮಾನ: ಯಾವ ಮರ, ಯಾವ ಕೋಣೆ

ಅಂಗಡಿಯಲ್ಲಿ "ವುಡನ್ ಫ್ಲೋರಿಂಗ್" ಎಂದು ಕೇಳಿದರೆ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ತೋರಿಸುತ್ತಾರೆ.

ಗಟ್ಟಿ ಮರದ ಹಲಗೆ: ಮೇಲಿನಿಂದ ಕೆಳಗಿನವರೆಗೆ ಒಂದೇ ಮರ, 18–20 ಮಿ.ಮೀ. ದಪ್ಪ. ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಕಾಣುವುದು ಇದರ ಪೂರ್ವಜ.

ಎಂಜಿನಿಯರ್ಡ್ ವುಡ್: ಕೆಳಗೆ ಪ್ಲೈವುಡ್ಡಿನಂತೆ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪದರಗಳು, ಮೇಲೆ 2ರಿಂದ 6 ಮಿ.ಮೀ.ನಷ್ಟು ನಿಜವಾದ ತೇಗ ಅಥವಾ ಓಕ್. ಒಟ್ಟು ದಪ್ಪ ಸಾಮಾನ್ಯವಾಗಿ 12–15 ಮಿ.ಮೀ.

ಲ್ಯಾಮಿನೇಟ್: ಒತ್ತಿದ ಮರದ ನಾರಿನ ಹಲಗೆಯ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಗಟ್ಟಿ ಲೇಪ. ಕೆಟ್ಟ ವಸ್ತುವೇನಲ್ಲ, ಆದರೆ ಅದನ್ನು ಮರದ ಬೆಲೆಗೆ ಕೊಳ್ಳಬೇಡಿ. ಅಂಗಡಿಯವರಿಗೆ ತುಂಡರಿಸಿದ ಅಂಚನ್ನು ತೋರಿಸಲು ಹೇಳಿ. ಪದರಗಳು ಕಾಣುತ್ತವೆ, ಮಾತು ಬೇಕಾಗುವುದಿಲ್ಲ.

ಸಿಮೆಂಟು ಅಥವಾ ಟೈಲ್ಸ್ ಮೇಲೆ ಮೊದಲ ಬಾರಿ ಕೈಹಾಕುವವರು ಎಂಜಿನಿಯರ್ಡ್ ವುಡ್ಡನ್ನೇ ತೆಗೆದುಕೊಳ್ಳಿ. ಕಾರಣವೂ ನೀರೇ. ಗಾಳಿಯ ತೇವ ಶೇ 40 ಇದ್ದಾಗ ಮರದೊಳಗಿನ ನೀರು ಅದರ ಒಣತೂಕದ ಶೇ 7–8ರ ಸುಮಾರಿಗೆ ನಿಲ್ಲುತ್ತದೆ. ಗಾಳಿಯ ತೇವ ಶೇ 80ಕ್ಕೆ ಏರಿದರೆ ಮರದ ನೀರು ಶೇ 16ರ ಹತ್ತಿರ ಹೋಗುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಬೆಳೆಯುತ್ತದೆ. ತೇಗ ಮರಗಳಲ್ಲೆಲ್ಲ ಸಾಧು. ಅದರ ಗಟ್ಟಿ ಹಲಗೆಗಳನ್ನು ಮೂರು ಮೀಟರ್ ಅಗಲಕ್ಕೆ ಜೋಡಿಸಿದರೂ, ಒಳಗಿನ ನೀರು ಶೇ 8ರಿಂದ 14ಕ್ಕೆ ಏರುವಾಗ, ತಡೆಯುವವರಿಲ್ಲದಿದ್ದರೆ ಅದು ಮೂರು ಸೆಂ.ಮೀ.ಗೂ ಹೆಚ್ಚು ಹಿಗ್ಗಬಲ್ಲದು. ಓಕ್ ಆದರೆ ಸುಮಾರು ಅದರ ಇಮ್ಮಡಿ. ಗಟ್ಟಿ ಹಲಗೆಯನ್ನು ಮೊಳೆ ಹೊಡೆದು ಹಿಡಿದಿಡುವುದು ಇದಕ್ಕಾಗಿ. ಕಾಂಕ್ರೀಟಿಗೆ ಮೊಳೆ ಹೊಡೆಯಲಾಗದು, ಮೊದಲು ರೀಪು ಕೂರಿಸಿ ಪ್ಲೈವುಡ್ ಹಾಸಬೇಕು. ಆಗ ನೆಲ ಎರಡು ಇಂಚು ಮೇಲೇರುತ್ತದೆ, ಕೆಲಸವೂ ಅನುಭವಿ ಬಡಗಿಯದಾಗುತ್ತದೆ. ಎಂಜಿನಿಯರ್ಡ್ ವುಡ್‌ನಲ್ಲಿ ಅಡ್ಡ ಪದರಗಳೇ ಮೊಳೆಯ ಕೆಲಸ ಮಾಡುತ್ತವೆ.

ಇನ್ನು ಕೋಣೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ ಬೇಡವೇ ಬೇಡ. ದೇವರ ಕೋಣೆಯೂ ಬೇಡ ಎನ್ನುತ್ತೇನೆ: ದೀಪದ ಎಣ್ಣೆ, ಅಭಿಷೇಕದ ನೀರು, ಕುಂಕುಮ ಮೂರೂ ಮರಕ್ಕೆ ಇಳಿದರೆ ಬಿಡಿಸಲಾಗದು. ನೆಲಮಹಡಿಯ ಕೋಣೆಯಾದರೆ ಮುಂದಿನ ತೇವದ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ. ಮಂಗಳೂರು, ಉಡುಪಿ, ಕಾರವಾರದಲ್ಲಿರುವವರು ಇನ್ನೂ ಒಮ್ಮೆ ಯೋಚಿಸಿ. ಅಲ್ಲಿ ಆಷಾಢದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಮರಕ್ಕೆ ರಿಯಾಯಿತಿ ಇರುವುದಿಲ್ಲ.

ಬೇಕಾಗುವ ಸಾಮಾನು

ಅಳತೆಯ ಟೇಪು, ಪೆನ್ಸಿಲ್, ಮೂಲೆಮಟ್ಟ (ತೊಂಬತ್ತು ಡಿಗ್ರಿ ನೋಡುವ ಸಾಧನ), ಆರಡಿ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ, ಹಲ್ಲು ಸಣ್ಣದಿರುವ ಕೈಗರಗಸ, ಜಿಗ್‌ಸಾ (ಮೇಲೆ ಕೆಳಗೆ ಓಡುವ ಸಣ್ಣ ಬ್ಲೇಡಿನ ವಿದ್ಯುತ್ ಗರಗಸ), ರಬ್ಬರ್ ಸುತ್ತಿಗೆ, ಬಡಿಯುವ ದಿಮ್ಮಿ, ಎಳೆಕೊಕ್ಕೆ, 10 ಮಿ.ಮೀ. ದಪ್ಪದ ಬೆಣೆಗಳು ಮೂವತ್ತು. ಬಡಿಯುವ ದಿಮ್ಮಿ ಎಂದರೆ ಸುತ್ತಿಗೆ ಏಟು ಹಲಗೆಯ ಅಂಚಿಗೆ ನೇರವಾಗಿ ಬೀಳದಂತೆ ನಡುವೆ ಹಿಡಿಯುವ ತುಂಡು. ಎಳೆಕೊಕ್ಕೆ ಎಂದರೆ ಎರಡು ತುದಿಯೂ ಎದುರು ದಿಕ್ಕಿಗೆ ಬಾಗಿದ ಕಬ್ಬಿಣದ ಪಟ್ಟಿ. ಗೋಡೆ ಪಕ್ಕದ ಕೊನೆಯ ಸಾಲು ಎಳೆಯಲು ಇದಿಲ್ಲದೆ ಆಗದು. ಜೊತೆಗೆ ಕನ್ನಡಕ, ಧೂಳಿನ ಮುಖಗವಸು, ಮೊಣಕಾಲಿಗೆ ಮೆತ್ತೆ. ಮೆತ್ತೆ ಬೇಡ ಎನ್ನುವವರು ಮೂರನೆಯ ಸಾಲಿಗೆ ಬಂದಾಗ ತರಿಸಿಕೊಳ್ಳುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟೈಲ್ಸ್ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಹಲ್ಲಿರುವ ಮರದ ಬ್ಲೇಡ್ ಸಿಕ್ಕಿಸಿ ಕೆಲಸ ಮಾಡುವುದು ನಮ್ಮಲ್ಲಿ ಎಲ್ಲೆಲ್ಲೂ ಇದೆ. ಆ ಯಂತ್ರದ ವೇಗ, ಹಿಡಿತ, ರಕ್ಷಾಕವಚ ಯಾವುದೂ ಆ ಬ್ಲೇಡಿಗಾಗಿ ಮಾಡಿದ್ದಲ್ಲ. ಬ್ಲೇಡ್ ಮರದಲ್ಲಿ ಕಚ್ಚಿಕೊಂಡರೆ ಯಂತ್ರ ಕೈಯಿಂದ ಹಾರಿ ತೊಡೆಗೋ ಕುತ್ತಿಗೆಗೋ ಬರುತ್ತದೆ. ಬಾಡಿಗೆಗೆ ಜಿಗ್‌ಸಾ ಸಿಗುತ್ತದೆ, ಅದನ್ನೇ ತನ್ನಿ.

ಹಂತ 1: ಅಳೆಯಿರಿ, ತರಿಸಿ

ಕೋಣೆಯ ವಿಸ್ತೀರ್ಣಕ್ಕೆ ಶೇ 10 ಸೇರಿಸಿ. ನಮ್ಮ ಕೋಣೆಗೆ 120 ಜೊತೆಗೆ 12, ಅಂದರೆ 132 ಚದರ ಅಡಿ. ಹಲಗೆ 1,200 ಮಿ.ಮೀ. ಉದ್ದ, 190 ಮಿ.ಮೀ. ಅಗಲ, ಪೆಟ್ಟಿಗೆಗೆ 8 ಎಂದಿಟ್ಟುಕೊಳ್ಳಿ. ಒಂದು ಪೆಟ್ಟಿಗೆ ಸುಮಾರು 19.6 ಚದರ ಅಡಿ ಮುಚ್ಚುತ್ತದೆ, ಏಳು ಪೆಟ್ಟಿಗೆ ಬೇಕು. ಏಳರ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇರಲಿ. ಬ್ಯಾಚ್ ಬದಲಾದರೆ ಬಣ್ಣದ ಛಾಯೆಯೂ ಬದಲಾಗಬಹುದು.

ಅಳೆಯುವಾಗ ಗೋಡೆಯನ್ನು ನಂಬಬೇಡಿ. ಒಂದೇ ಅಗಲವನ್ನು ಮೂರು ಕಡೆ ಅಳೆಯಿರಿ. ಗಾರೆಯವರು ಎಷ್ಟೇ ನಿಪುಣರಾದರೂ ಒಂದು ತುದಿಗೂ ಇನ್ನೊಂದು ತುದಿಗೂ ಬೆರಳಗಲ ವ್ಯತ್ಯಾಸ ಇರುವುದುಂಟು. ಕಡಿಮೆ ಬಂದ ಅಳತೆಯನ್ನು ಬರೆದಿಟ್ಟುಕೊಳ್ಳಿ.

ಹಂತ 2: ಹಳೆಯ ನೆಲದ ತಪಾಸಣೆ

ಇಲ್ಲಿ ಆತುರ ಮಾಡಿದವರು ಮುಂದಿನ ಮಳೆಗಾಲಕ್ಕೆ ನೆಲ ಕೀಳುತ್ತಾರೆ. ನಾಲ್ಕು ವಿಷಯ ನೋಡಬೇಕು.

ತೇವ. ಗೋಡೆಯ ಬುಡದಲ್ಲಿ ಬಣ್ಣ ಎದ್ದಿದೆಯೇ, ಬಿಳಿ ಉಪ್ಪು ಒಸರಿದೆಯೇ ನೋಡಿ. ಇದ್ದರೆ ಅಲ್ಲಿಗೇ ನಿಲ್ಲಿಸಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಹೆಚ್ಚಿನ ಸಲ ಅದು ಗೋಡೆಯಾಚೆಯ ಬಚ್ಚಲಿನಿಂದ ಬರುತ್ತಿರುತ್ತದೆ. ಮೇಲ್ನೋಟಕ್ಕೆ ಏನೂ ಇಲ್ಲದಿದ್ದರೆ, ಹದಿನೆಂಟು ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ 24 ಗಂಟೆ ಬಿಡಿ. ಟೈಲ್ಸ್ ಇದ್ದರೆ ಹಾಳೆ ಟೈಲಿನ ಸಂದುಗಳ ಮೇಲೆ ಬರುವಂತೆ ಹಾಕಿ, ಟೈಲಿನ ಮೈಯಿಂದ ತೇವ ಏಳುವುದಿಲ್ಲ, ಸಂದಿನಿಂದ ಏಳುತ್ತದೆ. ಹಾಳೆಯ ಒಳಮೈಯಲ್ಲಿ ನೀರ ಹನಿ ಕಂಡರೆ, ಅಥವಾ ಕೆಳಗಿನ ಸಿಮೆಂಟು ಕಪ್ಪಾಗಿದ್ದರೆ, ನೆಲ ಇನ್ನೂ ತೇವ ಉಸಿರಾಡುತ್ತಿದೆ, ಈಗಲೇ ಹಾಸಬಾರದು ಎಂದರ್ಥ. ಹೊಸ ಮನೆಯವರಿಗೆ ಒಂದು ಮಾತು: ಕಾಂಕ್ರೀಟಿಗೆ 28 ದಿನ ಎನ್ನುವುದು ಬಲ ಬರುವ ಲೆಕ್ಕ, ಒಣಗುವ ಲೆಕ್ಕವಲ್ಲ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂದು ಹಿಡಿಯಿರಿ. ಗೃಹಪ್ರವೇಶದ ಮುಹೂರ್ತ ಕಾಂಕ್ರೀಟಿಗೆ ಗೊತ್ತಿರುವುದಿಲ್ಲ.

ಮಟ್ಟ. ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು ಕೋಣೆಯುದ್ದಕ್ಕೂ ತಿರುಗಿಸುತ್ತಾ ಬನ್ನಿ. ಪಟ್ಟಿಯ ಕೆಳಗೆ ಎರಡು ಮೀಟರಿಗೆ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡರೆ ಸರಿಪಡಿಸಬೇಕು. ನೆಲ ಒಂದು ಕಡೆಗೆ ಇಳಿಜಾರಾಗಿದ್ದರೆ ಪರವಾಗಿಲ್ಲ, ಗುಂಡಿ-ದಿಣ್ಣೆ ಇರಬಾರದು. ಗುಂಡಿಯ ಮೇಲೆ ಹಾಸಿದ ಹಲಗೆ ಕಾಲಿಟ್ಟಾಗಲೆಲ್ಲ ಬಗ್ಗಿ, ವರ್ಷದೊಳಗೆ ಜೋಡಣೆಯ ನಾಲಿಗೆ (ಪಕ್ಕದ ಹಲಗೆಯ ತೋಡಿಗೆ ಸೇರುವ ಅಂಚು) ಮುರಿಯುತ್ತದೆ. ಗುಂಡಿಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ನೀರಿನಂತೆ ಕಲಸಿ ಸುರಿದರೆ ತಾನೇ ಮಟ್ಟವಾಗಿ ಗಟ್ಟಿಯಾಗುವ ಸಿಮೆಂಟಿನ ಪುಡಿ. ಟೈಲ್ಸ್ ಮೇಲೆ ಸುರಿಯುವ ಮುಂಚೆ ಅದಕ್ಕೆಂದೇ ಇರುವ ಪ್ರೈಮರ್ ಹಚ್ಚದಿದ್ದರೆ ಹಪ್ಪಳದಂತೆ ಏಳುತ್ತದೆ. ಅಂಡರ್‌ಲೇ (ಹಲಗೆಯಡಿ ಹಾಸುವ, ಸದ್ದು ತಗ್ಗಿಸುವ ತೆಳು ಫೋಮ್ ಹಾಸು) ಎರಡು ಪದರ ಹಾಕಿ ಗುಂಡಿ ಮುಚ್ಚುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ.

ಟೊಳ್ಳು. ನಾಣ್ಯದಿಂದ ಪ್ರತಿ ಟೈಲನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದು ಅಲುಗಾಡುವ ಟೈಲನ್ನು ತೆಗೆದು ಆ ಜಾಗವನ್ನು ಸಿಮೆಂಟಿನಿಂದ ತುಂಬಿಸಿ. ಸದ್ದು ಮಾತ್ರ ಬಂದು ಅಲುಗದಿದ್ದರೆ ಬಿಡಬಹುದು.

ಗೆದ್ದಲು. ಬಾಗಿಲ ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳಗೆ ಇಳಿದರೆ ಅಥವಾ ಮಣ್ಣಿನ ಗೆರೆ ಕಂಡರೆ ಮೊದಲು ಗೆದ್ದಲಿನವರನ್ನು ಕರೆಸಿ. ಅವರು ಗೋಡೆ ಮತ್ತು ನೆಲ ಕೂಡುವ ಅಂಚಿನಲ್ಲಿ ಅಡಿಗೊಂದರಂತೆ ತೂತು ಕೊರೆದು ಔಷಧ ತುಂಬುತ್ತಾರೆ. ಮರ ಹಾಸಿದ ಮೇಲೆ ಆ ಅಂಚು ಮತ್ತೆ ಸಿಗುವುದಿಲ್ಲ.

ಹಂತ 3: ಹಲಗೆಗೆ ವಿಶ್ರಾಂತಿ

ಪೆಟ್ಟಿಗೆಗಳು ಬಂದ ಕೂಡಲೇ ಹಾಸಲು ಕೂರಬೇಡಿ. ಹಾಸಬೇಕಾದ ಕೋಣೆಯಲ್ಲಿಯೇ, ಗೋಡೆಯಿಂದ ಒಂದಡಿ ದೂರದಲ್ಲಿ, ಚಪ್ಪಟೆಯಾಗಿ ಮಲಗಿಸಿ 48ರಿಂದ 72 ಗಂಟೆ ಇಡಿ. ಮರ ಆ ಕೋಣೆಯ ಹವೆಗೆ ಹೊಂದಿಕೊಳ್ಳಲಿ. ಪೆಟ್ಟಿಗೆ ಒಡೆದಿಡಬೇಕೋ ಮುಚ್ಚಿಡಬೇಕೋ ಎನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ಕಾಲ ಯಾವುದು ಒಳ್ಳೆಯದು? ಬಯಲುಸೀಮೆಯಲ್ಲಿ ದಸರಾ ಕಳೆದ ಮೇಲಿನಿಂದ ಸಂಕ್ರಾಂತಿಯವರೆಗೆ ಎನ್ನುವುದು ನನ್ನ ಲೆಕ್ಕ. ಜುಲೈನಲ್ಲಿ ಹಾಸಿದರೆ ಮರ ಆಗಲೇ ಉಬ್ಬಿರುತ್ತದೆ, ಮಾರ್ಚ್‌ನಲ್ಲಿ ಸಂದು ಬಿಡುತ್ತದೆ. ಬಿರುಬೇಸಿಗೆಯಲ್ಲಿ ಹಾಸಿದರೆ ಅದು ಒಣಗಿ ಕುಗ್ಗಿರುತ್ತದೆ, ಮಳೆ ಬಂದಾಗ ಗೋಡೆಯನ್ನು ತಳ್ಳುತ್ತದೆ. ಎರಡರಲ್ಲಿ ಎರಡನೆಯದೇ ಹೆಚ್ಚು ಅಪಾಯದ್ದು. ಏಪ್ರಿಲ್‌ನಲ್ಲಿಯೇ ಮಾಡಬೇಕಾಗಿ ಬಂದರೆ ಮರ ಉಬ್ಬಲೆಂದು ಗೋಡೆಗೂ ಹಲಗೆಗೂ ನಡುವೆ ಬಿಡುವ ಸಂದನ್ನು 10ರ ಬದಲು 12 ಮಿ.ಮೀ. ಬಿಡಿ.

ಹಂತ 4: ಬಾಗಿಲು

ಹಲಗೆ 14 ಮಿ.ಮೀ., ಅಂಡರ್‌ಲೇ 2 ಮಿ.ಮೀ.; ನೆಲ 16 ಮಿ.ಮೀ. ಏರುತ್ತದೆ. ಕೋಣೆಯೊಳಕ್ಕೆ ತೆರೆಯುವ ಬಾಗಿಲಿನ ಕೆಳಗೆ ಅಷ್ಟು ಜಾಗ ಇರುವುದಿಲ್ಲ. ಹಾಸುವ ಮೊದಲೇ ಒಂದು ತುಂಡು ಹಲಗೆ, ಅದರಡಿ ಅಂಡರ್‌ಲೇ ಇಟ್ಟು ಬಾಗಿಲಿಗೆ ಗೆರೆ ಎಳೆದು, ಕಳಚಿ, ಕೆಳಗಿನಿಂದ ಕೊಯ್ಯಿರಿ. ನಾನು ಮೊದಲ ಸಲ ಇದನ್ನು ಕೊನೆಗೆ ಮಾಡೋಣವೆಂದು ಬಿಟ್ಟೆ, ಬಾಗಿಲು ಅರ್ಧ ತೆರೆದು ಹೊಸ ನೆಲವನ್ನು ಕಚ್ಚಿಕೊಂಡಿತು. ಆ ಗೀರು ಇವತ್ತಿಗೂ ಇದೆ. ಫ್ಲಶ್ ಡೋರ್ (ಅಂಚಿಗೆ ಗಟ್ಟಿ ಮರದ ಪಟ್ಟಿಯಿಟ್ಟು ಎರಡೂ ಕಡೆ ಪ್ಲೈ ಅಂಟಿಸಿದ ಬಾಗಿಲು) ಆಗಿದ್ದರೆ ಅಂಚಿನ ಗಟ್ಟಿ ಪಟ್ಟಿ ಎಷ್ಟು ಅಗಲವಿದೆ ಎಂದು ತಿಳಿದುಕೊಂಡೇ ಕೊಯ್ಯಿರಿ. ಕೊಯ್ದ ಅಂಚಿಗೆ ಪ್ರೈಮರ್ ಹಚ್ಚದೆ ಬಿಡಬೇಡಿ.

ಚೌಕಟ್ಟಿನ ಬುಡವನ್ನೂ ಅದೇ ತುಂಡು ಹಲಗೆಯ ಮೇಲೆ ಗರಗಸವನ್ನು ಮಲಗಿಸಿ ಅಡ್ಡಲಾಗಿ ಕೊಯ್ದರೆ, ಹೊಸ ಹಲಗೆ ಅದರಡಿಗೆ ನುಗ್ಗುತ್ತದೆ. ಚೌಕಟ್ಟಿನ ಸುತ್ತ ಹಲಗೆಯನ್ನು ಕೆತ್ತುತ್ತಾ ಕೂರುವುದಕ್ಕಿಂತ ಇದು ಹತ್ತು ಪಾಲು ಸುಲಭ, ನೋಡಲೂ ಚೆಂದ. ಕಲ್ಲಿನ ಅಥವಾ ಕಬ್ಬಿಣದ ಚೌಕಟ್ಟಾದರೆ ಕೊಯ್ಯಲಾಗದು. ಅಲ್ಲಿ ಸಂದು ಬಿಟ್ಟು ಸೀಲಂಟ್, ಅಂದರೆ ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು, ತುಂಬಿಸಿ.

ಕೋಣೆಗೆ ಅಂಟಿಕೊಂಡ ಬಚ್ಚಲಿದ್ದರೆ ಅದರ ಬಾಗಿಲ ಕೆಳಗಿನ ಗ್ರಾನೈಟ್ ಪಟ್ಟಿಯ ಎತ್ತರ ನೋಡಿ. ಹೊಸ ನೆಲಕ್ಕಿಂತ ಅದು ಮೇಲಿರಬೇಕು. ಸಮವಾಗಿದ್ದರೆ ಇನ್ನೊಂದು ಪಟ್ಟಿ ಕೂರಿಸಿಯೇ ಮುಂದುವರಿಯಿರಿ. ಬಾಲ್ಕನಿಯ ಜಾರುಬಾಗಿಲಿನ ಅಲ್ಯೂಮಿನಿಯಂ ಹಳಿಯಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ, ಅವು ಧೂಳು ಕಟ್ಟಿರುತ್ತವೆ. ಕಡ್ಡಿ ಹಾಕಿ ಬಿಡಿಸಿ. ಇಲ್ಲದಿದ್ದರೆ ಜೂನ್‌ನ ಮೊದಲ ಎರಚಲು ನೇರ ಮರಕ್ಕೆ.

ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ, ಟೈಲ್ಸಿನದ್ದಾದರೆ ಕೀಳಬೇಡಿ. ಅದರ ಮುಂದೆ ಮರದ ಪಟ್ಟಿ ಹಾಕಿ ಸಂದು ಮುಚ್ಚಬಹುದು.

ಹಂತ 5: ಕಾಗದದ ಮೇಲೆ ಹಾಸಿ ನೋಡಿ

ಹಲಗೆಗಳು ಕಿಟಕಿಯ ಬೆಳಕು ಬರುವ ದಿಕ್ಕಿಗೆ ಉದ್ದವಾಗಿ ಸಾಗಿದರೆ ಜೋಡಣೆಯ ಗೆರೆಗಳು ಕಣ್ಣಿಗೆ ಹೊಡೆಯುವುದಿಲ್ಲ. ಉದ್ದ ಗೋಡೆಗೆ ಸಮಾನಾಂತರವಾಗಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಎರಡೂ ಒಂದಕ್ಕೊಂದು ವಿರುದ್ಧವಾದರೆ ನಾನು ಬೆಳಕಿನ ಪರ.

ಈಗ ಸಾಲುಗಳ ಲೆಕ್ಕ. ಅಗಲ 3,090, ಎರಡೂ ಕಡೆ ಹತ್ತತ್ತು ಮಿ.ಮೀ. ಸಂದು ಕಳೆದರೆ 3,070. ಅದನ್ನು 190ರಿಂದ ಭಾಗಿಸಿದರೆ 16 ಪೂರ್ತಿ ಸಾಲು, ಉಳಿಯುವುದು 30 ಮಿ.ಮೀ. ಅಷ್ಟು ಸಣ್ಣ ಸೀಳು ನಿಲ್ಲುವುದಿಲ್ಲ; ಯಾವ ಸಾಲೂ 60 ಮಿ.ಮೀ.ಗಿಂತ ಕಿರಿದಾಗಬಾರದು. ಉಪಾಯ ಇಷ್ಟೇ: ಒಂದು ಪೂರ್ತಿ ಸಾಲಿನ 190ಕ್ಕೆ ಆ 30 ಸೇರಿಸಿ, 220, ಅರ್ಧ ಮಾಡಿ. ಮೊದಲ ಸಾಲು 110, ನಡುವೆ ಹದಿನೈದು ಪೂರ್ತಿ ಸಾಲು, ಕೊನೆಯದು ಮತ್ತೆ 110. ಎರಡೂ ಗೋಡೆಯ ಬಳಿ ಒಂದೇ ಅಗಲ ಇರುವುದರಿಂದ ಕಣ್ಣಿಗೂ ಹಿತ.

ಉದ್ದದ ಲೆಕ್ಕವೂ ಬೇಕು. ಅಕ್ಕಪಕ್ಕದ ಸಾಲುಗಳಲ್ಲಿ ಹಲಗೆಯ ತುದಿಗಳು ಕೂಡುವ ಜಾಗಗಳ ನಡುವೆ ಕನಿಷ್ಠ 300 ಮಿ.ಮೀ. ಅಂತರ ಇರಬೇಕು, ಇಟ್ಟಿಗೆ ಕಟ್ಟುವಾಗ ಮಾಡುವಂತೆ. ನಮ್ಮ ಕೋಣೆಯಲ್ಲಿ ಮೊದಲ ಸಾಲನ್ನು ಪೂರ್ತಿ ಹಲಗೆಯಿಂದ, ಎರಡನೆಯದನ್ನು 800ರ ತುಂಡಿನಿಂದ, ಮೂರನೆಯದನ್ನು 400ರ ತುಂಡಿನಿಂದ ಆರಂಭಿಸಿದರೆ ಸಾಕು. ಸಾಲಿನ ಎಡತುದಿಗೆ ಹಲಗೆಯ ಬಲಭಾಗ ಬೇಕು, ಕೊಯ್ದ ಬದಿ ಗೋಡೆಗೆ ಮುಖ ಮಾಡುತ್ತದೆ. ಉಳಿದ ಎಡಭಾಗ ಅದೇ ಸಾಲಿನ ಬಲತುದಿಗೆ ಹೋಗುತ್ತದೆ. 800 ತೆಗೆದು ಉಳಿದ 400ರಲ್ಲಿ ಕೊನೆಗೆ ಬೇಕಾಗುವ 380 ಸಿಗುತ್ತದೆ, ಬಹುತೇಕ ಏನೂ ವ್ಯರ್ಥವಿಲ್ಲ. ಈ ಎಡ-ಬಲ ತಿಳಿಯದೆ ಕೊಯ್ದರೆ ಎರಡೂ ಕಡೆ ಕೊಯ್ದ ಬದಿಗಳೇ ಉಳಿದು ಜೋಡಣೆಗೆ ನಾಲಿಗೆಯೇ ಇರುವುದಿಲ್ಲ. 800, 400ರ ಕ್ರಮವನ್ನು ಆಗಾಗ ತಿರುವುಮುರುವು ಮಾಡಿ, ಇಲ್ಲದಿದ್ದರೆ ಮೆಟ್ಟಿಲಿನಂತೆ ಕಾಣುತ್ತದೆ.

ಹಂತ 6: ಪ್ಲಾಸ್ಟಿಕ್, ಅಂಡರ್‌ಲೇ

ಗುಡಿಸಿ, ಒರೆಸಿ, ಒಣಗಿಸಿ. ಮೇಲೆ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಒಂದರ ಮೇಲೊಂದು ಎಂಟು ಇಂಚು ಹಾಯಿಸಿ ಟೇಪು ಹಚ್ಚಿ, ಗೋಡೆಯ ಮೇಲೆ ಎರಡು ಇಂಚು ಹತ್ತಿಸಿ. ಅದರ ಮೇಲೆ ಅಂಡರ್‌ಲೇ, ಇದನ್ನು ಮಾತ್ರ ಹಾಯಿಸಬಾರದು, ಅಂಚಿಗೆ ಅಂಚು ಕೂಡಿಸಬೇಕು. ಕೆಲವು ಅಂಡರ್‌ಲೇಗಳಿಗೆ ಪ್ಲಾಸ್ಟಿಕ್ ಪದರ ಅಂಟಿಕೊಂಡೇ ಬರುತ್ತದೆ. ಆಗ ಬೇರೆ ಹಾಳೆ ಬೇಡ.

ಹಂತ 7: ಮೊದಲ ಮೂರು ಸಾಲು

ಅರ್ಧ ದಿನ ಇದಕ್ಕೇ ಹೋಗಲಿ. ಮೊದಲ ಸಾಲು ನೇರವಿದ್ದರೆ ಕೊನೆಯ ಸಾಲೂ ನೇರ. ಮೊದಲಲ್ಲಿ ಎರಡು ಮಿ.ಮೀ. ಓರೆಯಾದರೆ ಹತ್ತನೆಯ ಸಾಲಿಗೆ ಹಲಗೆಗಳು ಕೂಡುವುದೇ ಇಲ್ಲ.

ಈಗಿನ ಹಲಗೆಗಳಲ್ಲಿ ಒಂದು ಬದಿಗೆ ನಾಲಿಗೆ, ಇನ್ನೊಂದು ಬದಿಗೆ ತೋಡು ಇರುತ್ತದೆ. "ಕ್ಲಿಕ್" ಜೋಡಣೆಯಲ್ಲಿ ನಾಲಿಗೆಯನ್ನು ಓರೆಯಾಗಿ ತೋಡಿಗಿಟ್ಟು ಕೆಳಕ್ಕೆ ಒತ್ತಿದರೆ ತಾನೇ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಮೊಳೆ ಬೇಡ. ನೆಲಕ್ಕೂ ಅಂಟಿಸುವುದಿಲ್ಲ, ಇಡೀ ನೆಲ ಒಂದೇ ಚಾಪೆಯಂತೆ ಸುಮ್ಮನೆ ಮಲಗಿರುತ್ತದೆ. ಇದನ್ನೇ ತೇಲುವ ನೆಲ ಎನ್ನುವುದು. ಕ್ಲಿಕ್ ಇಲ್ಲದ ಹಲಗೆಯಾದರೆ ತೋಡಿನ ಮೇಲಂಚಿಗೆ ಡಿ3 ದರ್ಜೆಯ, ಅಂದರೆ ತೇವ ತಡೆಯುವ, ಮರದ ಅಂಟು ಹಚ್ಚಬೇಕು. ಆಗಲೂ ನೆಲಕ್ಕಲ್ಲ, ಹಲಗೆಗೆ ಹಲಗೆ ಮಾತ್ರ.

ಗೋಡೆಯ ಕಡೆ ನಾಲಿಗೆ ಬರಬೇಕೋ ತೋಡೋ ಎನ್ನುವುದನ್ನು ಚೀಟಿ ನೋಡಿ ತಿಳಿದುಕೊಳ್ಳಿ. ಗೋಡೆಯ ಕಡೆಯ ಆ ಬದಿಯನ್ನು ಸೀಳಿ 110 ಮಿ.ಮೀ. ಅಗಲ ಮಾಡಿ. ಗೋಡೆ ಸೊಟ್ಟಗಿದ್ದರೆ ದಾರ ಕಟ್ಟಿ. ಹಲಗೆ ದಾರಕ್ಕೆ ನೇರವಾಗಿರಲಿ, ಗೋಡೆಗಲ್ಲ. ಗೋಡೆಯ ಉಬ್ಬು ಸಂದನ್ನು ತಿನ್ನುವ ಕಡೆ ಹಲಗೆಯನ್ನು ಅಷ್ಟೇ ಕೆತ್ತಿ. ಗೋಡೆಗೂ ಹಲಗೆಗೂ ನಡುವೆ ಸಂದು ಉಳಿಯುವಂತೆ ಅಡಿಗೊಂದು ಬೆಣೆ ಇಟ್ಟು ಮುಂದುವರಿಯಿರಿ. ಮೂರು ಸಾಲು ಕೂಡಿದ ಮೇಲೆ ಎದ್ದು ನಿಂತು, ಬಾಗಿಲ ಬಳಿ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ. ಓರೆ ಕಂಡರೆ ಬಿಚ್ಚಲು ಇದೇ ಕೊನೆಯ ಅವಕಾಶ.

ಕೊಯ್ಯುವಾಗ ಒಂದು ಸೂಕ್ಷ್ಮ: ಕೈಗರಗಸದಲ್ಲಿ ಹಲಗೆಯ ಚೆಂದದ ಮೈ ಮೇಲಿರಲಿ, ಜಿಗ್‌ಸಾದಲ್ಲಿ ಕೆಳಗಿರಲಿ. ಜಿಗ್‌ಸಾದ ಹಲ್ಲು ಮೇಲಕ್ಕೆ ಎಳೆದು ಕೊಯ್ಯುತ್ತದೆ, ಸಿಬಿರು ಮೇಲ್ಮೈಗೆ ಏಳುತ್ತದೆ.

ಹಂತ 8: ನಡುವಿನ ಸಾಲುಗಳು

ಇದು ಓಟದ ಕೆಲಸ. ನಾಲ್ಕು ಪೆಟ್ಟಿಗೆಗಳನ್ನು ಒಟ್ಟಿಗೆ ಒಡೆದು ಹಲಗೆಗಳನ್ನು ಬೆರೆಸಿ ಹಾಸಿ. ಒಂದೇ ಪೆಟ್ಟಿಗೆಯ ಕಪ್ಪು ಹಲಗೆಗಳೆಲ್ಲ ಒಂದೇ ಮೂಲೆಗೆ ಸೇರುವುದು ತಪ್ಪುತ್ತದೆ. ಕೂಡದ ಹಲಗೆಯನ್ನು ಬಡಿದು ಕೂಡಿಸಬೇಡಿ. ತೋಡಿನಲ್ಲಿ ಮರದ ಪುಡಿ ಸಿಕ್ಕಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಪೈಪು ಅಡ್ಡ ಬಂದರೆ ಅದರ ವ್ಯಾಸಕ್ಕಿಂತ 20 ಮಿ.ಮೀ. ದೊಡ್ಡ ತೂತು. ಗೋಡೆಗೆ ಕೂರಿಸಿದ ಭಾರದ ವಾರ್ಡ್‌ರೋಬ್‌ಗಳ ಅಡಿಗೆ ಹಾಸಬೇಡಿ, ಸುತ್ತ ಸಂದು ಬಿಟ್ಟು ಬನ್ನಿ. ಅಷ್ಟು ಭಾರ ಒಂದು ಕಡೆ ಕೂತರೆ ತೇಲುವ ನೆಲಕ್ಕೆ ಮೊಳೆ ಹೊಡೆದಂತೆಯೇ. ಮಂಚ, ಮೇಜು ಧಾರಾಳವಾಗಿ ನಿಲ್ಲಲಿ.

ರಾತ್ರಿ ಎಂಟಾದ ಮೇಲೆ ಬಡಿಯಬೇಡಿ. ಕೆಳಮನೆಯವರ ಸೂರು ನಿಮ್ಮ ನೆಲವೇ.

ಹಂತ 9: ಕೊನೆಯ ಸಾಲು ಮತ್ತು ಅಂಚು

ಕೊನೆಯ ಸಾಲಿಗೆ ಲೆಕ್ಕದ 110ನ್ನು ನಂಬದೆ, ಪ್ರತಿ ಹಲಗೆಗೂ ಎರಡು ತುದಿಯಲ್ಲಿ ಅಳೆದು, ಹತ್ತು ಮಿ.ಮೀ. ಕಳೆದು ಸೀಳಿ. ಎಳೆಕೊಕ್ಕೆಯನ್ನು ಹಲಗೆಯಾಚೆಯ ಅಂಚಿಗೆ ಸಿಕ್ಕಿಸಿ, ಈಚೆಯ ಬಾಗಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಬೆಣೆಗಳನ್ನು ತೆಗೆಯಿರಿ. ನಗಬೇಡಿ, ಮರೆತು ಸ್ಕರ್ಟಿಂಗ್ ಹೊಡೆದವರಿದ್ದಾರೆ. ಸಂದು ಬಿಟ್ಟೂ ಬಿಡದಂತಾಯಿತು. ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ನೆಲಕ್ಕಲ್ಲ. ಸಂದಿಗೆ ಪುಟ್ಟಿ, ಬಿಳಿ ಸಿಮೆಂಟು ತುಂಬಬಾರದು. ಬಚ್ಚಲ ಬಾಗಿಲ ಬಳಿ ಮಾತ್ರ ಮೆತ್ತನೆಯ ಫೋಮ್ ದಾರ ತುರುಕಿ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೆಯಿರಿ. ಕೋಣೆಯ ಬಾಗಿಲಲ್ಲಿ ಹೊಸ ನೆಲ ಮುಗಿದು ಹಳೆಯ ಟೈಲ್ಸ್ ಆರಂಭವಾಗುವಲ್ಲಿ 16 ಮಿ.ಮೀ. ಇಳಿಜಾರಿನ ಪಟ್ಟಿ ಹಾಕಿ. ಇಲ್ಲದಿದ್ದರೆ ಮನೆಯ ಹಿರಿಯರು ಎಡವುತ್ತಾರೆ.

ಅಮೆರಿಕ, ಕೆನಡಾದ ಓದುಗರಿಗೆ

ನಿಮ್ಮ ಮನೆ ತೊಲೆಯ ಮೇಲೆ ಪ್ಲೈವುಡ್ ಹೊಡೆದದ್ದಾದರೆ ಗಟ್ಟಿ ಮರದ ಮುಕ್ಕಾಲು ಇಂಚಿನ ಹಲಗೆಯನ್ನೇ ಮೊಳೆ ಹೊಡೆದು ಹಾಸಬಹುದು. ಹಲಗೆಗಳು ಕೆಳಗಿನ ತೊಲೆಗಳಿಗೆ ಅಡ್ಡವಾಗಿ ಸಾಗಬೇಕು. ಬಾಡಿಗೆಗೆ ಸಿಗುವ ನೇಯ್ಲರ್‌ನಿಂದ (ಮೊಳೆ ಹೊಡೆಯುವ ಯಂತ್ರ) ನಾಲಿಗೆಯ ಮೇಲೆ ಓರೆಯಾಗಿ ಎಂಟು-ಹತ್ತು ಇಂಚಿಗೊಂದು ಮೊಳೆ. ಪ್ಲೈವುಡ್ಡಿನ ನೀರಿಗೂ ಹಲಗೆಯ ನೀರಿಗೂ ವ್ಯತ್ಯಾಸ ಮೂರು ಇಂಚಿಗಿಂತ ಕಿರಿದಾದ ಹಲಗೆಯಲ್ಲಿ ಶೇ 4, ಅಗಲವಾದುದರಲ್ಲಿ ಶೇ 2 ಮೀರಬಾರದು. ಇದಕ್ಕೆ ಸೂಜಿಯಿರುವ ತೇವಮಾಪಕ ಕೊಳ್ಳಿ. ನಿಮ್ಮಲ್ಲಿ ವೈರಿ ಮಳೆಗಾಲವಲ್ಲ, ಚಳಿಗಾಲದ ಹೀಟರ್: ಗಾಳಿ ಒಣಗಿ ಸಂದು ಬಿಡುತ್ತದೆ. ಹ್ಯೂಮಿಡಿಫೈಯರ್ ಇಟ್ಟು ತೇವವನ್ನು ಶೇ 30–50ರ ನಡುವೆ ಹಿಡಿಯಿರಿ.

ಹಾಸಿದ ಮೇಲೆ

ಮನೆಗೆಲಸಕ್ಕೆ ಬರುವವರಿಗೆ ಮೊದಲ ದಿನವೇ ಹೇಳಿ: ಈ ಕೋಣೆಗೆ ಬಕೆಟ್ ಇಲ್ಲ, ಫಿನೈಲ್ ಇಲ್ಲ. ಒಣ ಪೊರಕೆ, ವಾರಕ್ಕೊಮ್ಮೆ ಗಟ್ಟಿಯಾಗಿ ಹಿಂಡಿದ ಬಟ್ಟೆ. ಒರೆಸಿದ ನೆಲ ಒಂದು ನಿಮಿಷದೊಳಗೆ ತಾನೇ ಆರಬೇಕು. ಆರದಿದ್ದರೆ ಬಟ್ಟೆ ಹೆಚ್ಚು ಒದ್ದೆಯಾಗಿದೆ. ಹಬ್ಬದ ಹಿಂದಿನ ದಿನ ಇಡೀ ಮನೆ ತೊಳೆಯುವ ಉತ್ಸಾಹದಲ್ಲಿ ಈ ಬಾಗಿಲು ಮುಚ್ಚಿರಲಿ. ಮಂಚ, ಕುರ್ಚಿಯ ಕಾಲಿಗೆ ಉಣ್ಣೆಯ ಬಿಲ್ಲೆ ಅಂಟಿಸಿ.

ಮಾರ್ಚ್‌ನಲ್ಲಿ ಹಲಗೆಗಳ ನಡುವೆ ಕೂದಲೆಳೆಯಷ್ಟು ಗೆರೆ ಕಂಡರೆ ಏನೂ ತುಂಬಬೇಡಿ, ಮಳೆ ಬಂದಾಗ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ನಡುನೆಲ ಡೇರೆಯಂತೆ ಎದ್ದರೆ ಹೆಚ್ಚಿನ ಸಲ ಎಲ್ಲಿಯೋ ಸಂದು ಮುಚ್ಚಿಹೋಗಿರುತ್ತದೆ: ಸ್ಕರ್ಟಿಂಗ್ ತೆಗೆದು ಗೋಡೆಗೆ ತಾಗಿದ ಹಲಗೆಯನ್ನು ಹುಡುಕಿ ಅಲ್ಲಿ ಹತ್ತು ಮಿ.ಮೀ. ಕೊಯ್ಯಿರಿ, ಒಂದೆರಡು ವಾರದಲ್ಲಿ ನೆಲ ತಾನೇ ಇಳಿಯುತ್ತದೆ.

ಉಳಿದ ಐದಾರು ಹಲಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಾಗುತ್ತವೆ. ಮಂಚದಡಿ ಚಪ್ಪಟೆಯಾಗಿ ಮಲಗಿಸಿ, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ಅವುಗಳ ಜೊತೆಗೇ ಕಟ್ಟಿಡಿ.